ಕೋತಿಗಳ ಚಳಿಜ್ವರ

ಬೋರ್ನಿಯೊ ದ್ವೀಪದ ಮಳೆಕಾಡಿನಲ್ಲಿ ಮರಗಳು ನೂರು, ನೂರೈವತ್ತು ಅಡಿಗಳ ಎತ್ತರಕ್ಕೆ ಬೆಳೆಯುತ್ತವೆ. ಅವುಗಳ ನೆತ್ತಿಯಲ್ಲಿ ಕೊಂಬೆಗೆ ಕೊಂಬೆ ಹೆಣೆದುಕೊಂಡು, ನೆಲಕ್ಕೆ ಬಿಸಿಲು ಬೀಳದಂತೆ ಹಸಿರು ಚಪ್ಪರವೊಂದು ಹರಡಿರುತ್ತದೆ. ಹಗಲೆಲ್ಲ ಅಲೆದು ದಣಿದ ಉದ್ದಬಾಲದ ಕೋತಿಗಳ ಹಿಂಡು ಮುಸ್ಸಂಜೆಗೆ ಈ ಎತ್ತರವನ್ನೇರಿ ಒತ್ತೊತ್ತಾಗಿ ಕುಳಿತೊಡನೆ, ಅವುಗಳ ರಕ್ತವನ್ನರಸಿ ಸೊಳ್ಳೆಗಳು ಬರುತ್ತವೆ. ಕೋತಿಯಿಂದ ಕೋತಿಗೆ ಮಲೇರಿಯಾ ದಾಟುವ ಹೊತ್ತು ಅದು.

ಮಲೇರಿಯಾ ಮನುಷ್ಯರಿಗೆ ಮಾತ್ರ ಬರುವ ರೋಗವೆಂದು ಹಲವರು ಭಾವಿಸಿದ್ದಾರೆ. ವಾಸ್ತವವಾಗಿ ಹಕ್ಕಿಗಳಿಗೆ, ಹಲ್ಲಿಗಳಿಗೆ, ಕೋತಿಗಳಿಗೆ ಅವುಗಳದೇ ಆದ ಮಲೇರಿಯಾಗಳುಂಟು. ಎಲ್ಲಕ್ಕೂ ಕಾರಣ ಪ್ಲಾಸ್ಮೋಡಿಯಂ ಎಂಬ ಏಕಕೋಶ ಜೀವಿಯ ಬೇರೆ ಬೇರೆ ಜಾತಿಗಳು. ರೋಗವುಳ್ಳ ಕೋತಿಯ ರಕ್ತವನ್ನು ಹೀರಿದ ಹೆಣ್ಣು ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಈ ಜೀವಿ ಬೆಳೆದು ಸಾವಿರಾರಾಗಿ ಒಡೆಯುತ್ತದೆ. ಸುಮಾರು ಹತ್ತು ದಿನಗಳಲ್ಲಿ ಅದು ಜೊಲ್ಲುಗ್ರಂಥಿಗಳನ್ನು ಸೇರುತ್ತದೆ. ಅಲ್ಲಿಯವರೆಗೆ ಬದುಕುಳಿದ ಸೊಳ್ಳೆ ಮಾತ್ರ ಮುಂದಿನ ಕಡಿತದಲ್ಲಿ ರೋಗವನ್ನು ದಾಟಿಸಬಲ್ಲದು. ಬಹುಪಾಲು ಸೊಳ್ಳೆಗಳು ಅಷ್ಟು ದಿನ ಬದುಕುವುದೇ ಇಲ್ಲ.

ಇಂತಹ ಕೋತಿಯ ರೋಗಾಣುವೊಂದು ವಿಜ್ಞಾನಿಗಳ ಗಮನಕ್ಕೆ ಬಂದದ್ದು ನಮ್ಮ ದೇಶದಲ್ಲಿಯೇ. 1931ರಲ್ಲಿ ಕಲ್ಕತ್ತೆಯ ಉಷ್ಣವಲಯ ವೈದ್ಯಕೀಯ ಶಾಲೆಯಲ್ಲಿ, ಸಿಂಗಾಪುರದಿಂದ ತರಿಸಿದ ಕೋತಿಯೊಂದರ ರಕ್ತದಲ್ಲಿ ಅದು ಕಾಣಿಸಿತು. ಆ ರಕ್ತವನ್ನು ಉತ್ತರ ಭಾರತದ ರೀಸಸ್ ಕೋತಿಗಳಿಗೆ ಚುಚ್ಚಿದಾಗ ರೋಗವು ಉಗ್ರವಾಗಿ ಏರಿತು. ರಾಬರ್ಟ್ ನೋಲ್ಸ್ ಮತ್ತು ಬಿರಾಜ್ ಮೋಹನ ದಾಸ್ ಗುಪ್ತ ಎಂಬ ಸಂಶೋಧಕರು, ಈ ರೋಗ ರಕ್ತದ ಮೂಲಕ ಮನುಷ್ಯರಿಗೂ ಅಂಟಬಲ್ಲದೆಂದು 1932ರಲ್ಲಿ ತೋರಿಸಿದರು. ಅದೇ ವರ್ಷ ರೋಗಾಣುವಿಗೆ ನೋಲ್ಸ್ ಅವರ ಗೌರವಾರ್ಥವಾಗಿ ಪ್ಲಾಸ್ಮೋಡಿಯಂ ನೋಲೆಸಿ ಎಂಬ ಹೆಸರು ಬಂದಿತು. ದಾಸ್ ಗುಪ್ತರ ಹೆಸರು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ.

ಆದರೆ ಸೂಜಿಯಿಂದ ಅಂಟುವುದು ಬೇರೆ, ಕಾಡಿನಲ್ಲಿ ತಾನಾಗಿ ಅಂಟುವುದು ಬೇರೆ. ಇದನ್ನು ಹೊರುವ ಸೊಳ್ಳೆ ಯಾವುದೆಂದು ತಿಳಿಯಲು ಸುಮಾರು ಮೂವತ್ತು ವರ್ಷಗಳೇ ಬೇಕಾದವು. 1961ರಲ್ಲಿ ಮಲಯದಲ್ಲಿ ಅನಾಫಿಲಿಸ್ ಹಕೇರಿ ಎಂಬ ಸೊಳ್ಳೆಯಲ್ಲಿ ನೋಲೆಸಿ ಪತ್ತೆಯಾಯಿತು. ಕಡಲಂಚಿನ ನೀಪಾ ತಾಳೆಯ ಎಲೆಬುಡಗಳಲ್ಲಿ ನಿಂತ ನೀರಿನಲ್ಲಿ ಹುಟ್ಟುವ ಈ ಸೊಳ್ಳೆಗೆ ಕೋತಿಯ ರಕ್ತವೇ ಪ್ರಿಯ. ಮನುಷ್ಯನ ಗೊಡವೆಗೆ ಅದು ಹೋಗುವುದು ಕಡಿಮೆ. ಸಂಶೋಧಕರು ಬಲೆಯೊಳಗೆ ಕೋತಿಯನ್ನಿಟ್ಟು, ಕೆಲವನ್ನು ನೆಲದ ಮೇಲೂ ಕೆಲವನ್ನು ಮರದ ಮೇಲೂ ಇರಿಸಿ, ಯಾವ ಸೊಳ್ಳೆ ಯಾವ ಎತ್ತರದಲ್ಲಿ ಕಡಿಯುತ್ತದೆಂದು ಎಣಿಸಿದರು. ಮೇಲೆ ಮಾತ್ರ ಕಡಿಯುವ ಸೊಳ್ಳೆಯಿಂದ ರೋಗವು ಕೋತಿಗಳಲ್ಲಿಯೇ ಉಳಿಯುತ್ತದೆ. ಮೇಲೆಯೂ ಕೆಳಗೂ ಕಡಿಯುವ ಸೊಳ್ಳೆಯಾದರೆ ರೋಗವು ಅದರೊಡನೆ ಕೆಳಗಿಳಿಯಬಲ್ಲದು. ಹೀಗಾಗಿ ಕೀಟದ ಈ ಸಣ್ಣ ಅಭ್ಯಾಸವನ್ನು ಅರಿಯದೆ ರೋಗದ ದಾರಿಯನ್ನು ಅರಿಯುವಂತಿರಲಿಲ್ಲ.

1965ರಲ್ಲಿ ಆ ಇಳಿತಕ್ಕೆ ಮೊದಲ ಸಾಕ್ಷಿ ದೊರೆಯಿತು. ಮಲಯದ ಪಹಾಂಗ್ ಪ್ರಾಂತದ ಕಾಡಿನಲ್ಲಿ ಇರುಳು ಕೆಲಸ ಮಾಡಿದ್ದ ಅಮೆರಿಕದ ಮೋಜಣಿದಾರನೊಬ್ಬ ಜ್ವರದಿಂದ ಸ್ವದೇಶಕ್ಕೆ ಮರಳಿದ. ಅವನ ರಕ್ತದಲ್ಲಿದ್ದುದು ನೋಲೆಸಿಯೆಂದು ಖಚಿತವಾಯಿತು. ಬಳಿಕ ಆ ಪ್ರದೇಶದ ಸಾವಿರಕ್ಕೂ ಹೆಚ್ಚು ಜನರ ರಕ್ತವನ್ನು ಪರೀಕ್ಷಿಸಿದರೂ ಇನ್ನೊಬ್ಬ ರೋಗಿ ಸಿಗಲಿಲ್ಲ. ಇದೊಂದು ಅಪರೂಪದ ಆಕಸ್ಮಿಕವೆಂದು ಭಾವಿಸಿ ವಿದ್ವಾಂಸರು ಸುಮ್ಮನಾದರು.

ಆ ನಂಬಿಕೆ ಮುರಿದದ್ದು ಬೋರ್ನಿಯೊದ ಸರವಾಕ್ ಪ್ರಾಂತದಲ್ಲಿ. ಅಲ್ಲಿ ರಜಾಂಗ್ ನದಿಯ ದಡದಲ್ಲಿರುವ ಕಪಿತ್ ಎಂಬ ಊರಿನ ಆಸ್ಪತ್ರೆಯಲ್ಲಿ, ಮನುಷ್ಯರ ಮಲೇರಿಯಾಗಳಲ್ಲಿ ಸೌಮ್ಯವಾದ ‘ಮಲೇರಿಯೇ’ ಎಂಬ ಬಗೆ ವಿಪರೀತವಾಗಿ ದಾಖಲಾಗುತ್ತಿತ್ತು. ರೋಗಿಗಳು ಮಾತ್ರ ಸೌಮ್ಯವಾಗಿ ನರಳುತ್ತಿರಲಿಲ್ಲ. ಬಲ್ಬೀರ್ ಸಿಂಗ್, ಜಾನೆಟ್ ಕಾಕ್ಸ್-ಸಿಂಗ್ ಮತ್ತು ಅವರ ಸಂಗಡಿಗರು ರೋಗಾಣುವಿನ ವಂಶಧಾತುವನ್ನೇ ಪರೀಕ್ಷಿಸಿದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 208 ಮಲೇರಿಯಾ ರೋಗಿಗಳ ಪೈಕಿ 120 ಮಂದಿಯಲ್ಲಿ ನೋಲೆಸಿ ಇತ್ತು. ಸೂಕ್ಷ್ಮದರ್ಶಕದಲ್ಲಿ ಇವೆರಡೂ ಒಂದೇ ರೀತಿ ಕಾಣುತ್ತವೆ, ಮೋಸವಾದದ್ದು ಅಲ್ಲಿಯೇ. ಮಲೇರಿಯೇ ರಕ್ತದಲ್ಲಿ 72 ಗಂಟೆಗೊಮ್ಮೆ ವೃದ್ಧಿಯಾದರೆ ನೋಲೆಸಿ 24 ಗಂಟೆಗೊಮ್ಮೆ ವೃದ್ಧಿಯಾಗುತ್ತದೆ. ಬೇಗ ಗುರುತಿಸಿ ಔಷಧಿ ಕೊಟ್ಟರೆ ಗುಣವಾಗುವ ಈ ಜ್ವರ, ತಡವಾದರೆ ಪ್ರಾಣವನ್ನೇ ತೆಗೆಯಬಹುದು.

ಸರವಾಕ್‌ನಲ್ಲಿ ಇದನ್ನು ಹರಡುವುದು ಅನಾಫಿಲಿಸ್ ಲೇಟೆನ್ಸ್. ನೆರೆಯ ಸಬಾ ಪ್ರಾಂತದಲ್ಲಿ ಅನಾಫಿಲಿಸ್ ಬಲಬಸೆನ್ಸಿಸ್. ನೆರಳಿನ ಹೊಂಡಗಳಲ್ಲಿ, ಗಾಡಿಯ ಚಕ್ರ ಕೊರೆದ ಗುಂಡಿಗಳಲ್ಲಿ ಇವು ಮೊಟ್ಟೆಯಿಡುತ್ತವೆ. ಕೋತಿಯೂ ಸರಿ, ಮನುಷ್ಯನೂ ಸರಿ ಎನ್ನುವ ಸೊಳ್ಳೆಗಳಿವು. ಕಾಡು ಕಡಿದು ತಾಳೆಎಣ್ಣೆಯ ತೋಟಗಳನ್ನು ಹಬ್ಬಿಸಿದಂತೆ ಕೋತಿ, ಸೊಳ್ಳೆ, ಕೂಲಿಕಾರ ಮೂವರೂ ಒಂದೇ ಅಂಚಿಗೆ ಬಂದು ಸೇರಿದ್ದಾರೆ.

ನಮ್ಮ ನೀಲಗಿರಿಯ ಕಾಡುಗಳಲ್ಲಿಯೂ ಇದೇ ಬಳಗದ ಅನಾಫಿಲಿಸ್ ಎಲೆಗನ್ಸ್ ಕೋತಿಗಳ ಮಲೇರಿಯಾವನ್ನು ಹರಡುತ್ತದೆಂದು 1963ರಲ್ಲಿ ಗೊತ್ತಾಯಿತು. ಇದನ್ನು ಮಲೆನಾಡಿನ ಮಂಗನ ಕಾಯಿಲೆಯೊಡನೆ ಬೆರೆಸಬಾರದು. ಆ ಕಾಯಿಲೆಗೆ ಕಾರಣ ವೈರಸ್, ಹರಡುವುದು ಉಣ್ಣೆ, ಅದು ಬಂದಾಗ ಮಂಗಗಳೇ ಸತ್ತು ಬೀಳುತ್ತವೆ. ನೋಲೆಸಿಯಾದರೋ ಬೋರ್ನಿಯೊದ ಕೋತಿಗಳ ರಕ್ತದಲ್ಲಿ ಹೆಚ್ಚು ಬಾಧೆಯಿಲ್ಲದೆ ಇದ್ದುಬಿಡುತ್ತದೆ.

ಮಲೇಷ್ಯ ಸರಕಾರವು ಮನೆಗಳಿಗೆ ಔಷಧಿ ಸಿಂಪಡಿಸಿ, ಸೊಳ್ಳೆಪರದೆಗಳನ್ನು ಹಂಚಿ, ಮನುಷ್ಯರಿಂದ ಮನುಷ್ಯರಿಗೆ ಹರಡುವ ಮಲೇರಿಯಾವನ್ನು ಹತ್ತಿಕ್ಕಿತು. 2018ರಲ್ಲಿ ಅಂತಹ ಸ್ಥಳೀಯ ರೋಗಿ ಒಬ್ಬನೂ ಇರಲಿಲ್ಲ. ಅದೇ ವರ್ಷ ನೋಲೆಸಿಗೆ ತುತ್ತಾದವರು ನಾಲ್ಕು ಸಾವಿರಕ್ಕೂ ಹೆಚ್ಚು. ಇದರ ಸೊಳ್ಳೆ ಮನೆಯೊಳಗೆ ಬಂದು ಗೋಡೆಯ ಮೇಲೆ ಕೂರುವಂಥದಲ್ಲ. ತೋಟದ ಆಳು ಕೆಲಸ ಮುಗಿಸಿ ಕತ್ತಿಯನ್ನು ಹೆಗಲಿಗೇರಿಸಿಕೊಂಡು ಮುಸ್ಸಂಜೆಯಲ್ಲಿ ಮನೆಯತ್ತ ನಡೆಯುವಾಗ, ಕಾಡಿನ ಅಂಚಿನಲ್ಲಿಯೇ ಅದು ಕಡಿದು ಹೋಗಿರುತ್ತದೆ.