ಕರ್ತೃವಿಲ್ಲದ ವಾಕ್ಯ: ಸತ್ಯಂ ಪತ್ರ ಮತ್ತು ಕಾರ್ಪೊರೇಟ್ ಆಡಳಿತದ ಭಾಷೆ

ಆಧುನಿಕ ಉದ್ಯಮ ನಿರ್ವಹಣೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ವಾಣಿಜ್ಯಶಾಸ್ತ್ರ ಹಾಗೂ ಕಾನೂನಿನ ಚೌಕಟ್ಟಿನಲ್ಲಿಯೇ ನಡೆದಿವೆ. ಆದರೆ ಕಂಪನಿಯೊಂದು ಹೊರಜಗತ್ತಿಗೆ ಪರಿಚಯವಾಗುವುದು ಭಾಷೆಯ ಮೂಲಕ. ವಾರ್ಷಿಕ ವರದಿ, ಅಧ್ಯಕ್ಷರ ಹೇಳಿಕೆ, ಲೆಕ್ಕಪರಿಶೋಧಕರ ಪ್ರಮಾಣಪತ್ರ ಇವೆಲ್ಲವೂ ಪಠ್ಯಗಳೇ. ಇವುಗಳ ಓದಿಗೆ ಸಾಹಿತ್ಯಾಭ್ಯಾಸಿಯ ಪರಿಕರಗಳು ಒದಗಬಲ್ಲವೇ? ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ಅವರು 2009ರ ಜನವರಿ 7ರಂದು ನಿರ್ದೇಶಕ ಮಂಡಳಿಗೆ ಇಂಗ್ಲಿಷಿನಲ್ಲಿ ಬರೆದ ಪತ್ರವನ್ನು ಆಧರಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ ‘ಒಡೆತನ’ ಮತ್ತು ‘ಯಜಮಾನಿಕೆ’ ಎಂಬ ಪದಗಳನ್ನು ಹಲವೊಮ್ಮೆ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆಧುನಿಕ ಕಂಪನಿ ಇವೆರಡನ್ನೂ ಬೇರ್ಪಡಿಸಿತು. ಒಡೆತನ ಚದುರಿಹೋದ ಷೇರುದಾರರದು. ಯಜಮಾನಿಕೆ ಕಂಪನಿ ನಡೆಸುವವರದು. ಪರರ ಹಣವನ್ನು ನಿರ್ವಹಿಸುವವರು ಸ್ವಂತ ಹಣದಷ್ಟೇ ಎಚ್ಚರದಿಂದ ಅದನ್ನು ಕಾಯಲಾರರೆಂಬ ಸಂದೇಹವನ್ನು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ವ್ಯಕ್ತಪಡಿಸಿದ್ದನು. ಅಮೆರಿಕದ ಬರ್ಲ್ ಮತ್ತು ಮೀನ್ಸ್ 1932ರಲ್ಲಿ ಈ ಬಿರುಕನ್ನು ವಿಸ್ತಾರವಾಗಿ ವಿಶ್ಲೇಷಿಸಿದರು. ಸ್ವತಂತ್ರ ನಿರ್ದೇಶಕರು, ಲೆಕ್ಕಪರಿಶೋಧನಾ ಸಮಿತಿ ಮೊದಲಾದ ‘ಕಾರ್ಪೊರೇಟ್ ಆಡಳಿತ’ದ ಏರ್ಪಾಡುಗಳು ಈ ಬಿರುಕಿಗೆ ಹಾಕಿದ ಬೆಸುಗೆಗಳು. ಭಾರತದಲ್ಲಿ ಸೆಬಿ 2000ದಲ್ಲಿ ತಂದ 49ನೆಯ ಕಲಮು ಇವುಗಳಿಗೆ ನಿಯಮದ ರೂಪ ಕೊಟ್ಟಿತು.

ಗಮನಿಸಬೇಕಾದ ಅಂಶವೆಂದರೆ, ಸತ್ಯಂನಲ್ಲಿ ಈ ಏರ್ಪಾಡುಗಳೆಲ್ಲವೂ ಇದ್ದವು. ಮಂಡಳಿಯಲ್ಲಿ ಹೆಸರಾಂತ ಪ್ರಾಧ್ಯಾಪಕರಿದ್ದರು. ಲೆಕ್ಕಪರಿಶೋಧಕರದು ಅಂತಾರಾಷ್ಟ್ರೀಯ ಖ್ಯಾತಿಯ ಹೆಸರು. ಕಾರ್ಪೊರೇಟ್ ಆಡಳಿತಕ್ಕಾಗಿಯೇ ಕೊಡುವ ಗೋಲ್ಡನ್ ಪೀಕಾಕ್ ಪ್ರಶಸ್ತಿ 2008ರಲ್ಲಿ ಈ ಕಂಪನಿಗೆ ಸಂದಿತ್ತು. ಅದೇ ವರ್ಷ ಡಿಸೆಂಬರ್ 16ರಂದು, ಅಧ್ಯಕ್ಷರ ಕುಟುಂಬಕ್ಕೆ ಸಂಬಂಧಿಸಿದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್‌ಗೆ ಕೊಳ್ಳುವ ಪ್ರಸ್ತಾವಕ್ಕೆ ಮಂಡಳಿ ಒಪ್ಪಿಗೆಯಿತ್ತಿತು. ಕೆಲವೇ ಗಂಟೆಗಳಲ್ಲಿ ಆ ಪ್ರಸ್ತಾವ ಬಿದ್ದುಹೋಯಿತು. ಅದನ್ನು ತಡೆದದ್ದು ಹೂಡಿಕೆದಾರರ ಪ್ರತಿಭಟನೆಯೇ ಹೊರತು ಮಂಡಳಿಯ ವಿವೇಕವಲ್ಲ.

ಮೂರು ವಾರಗಳ ನಂತರ ಬಂದದ್ದು ಈ ಪತ್ರ. ಲೆಕ್ಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲವೆಂದು ಅದು ಒಪ್ಪಿಕೊಳ್ಳುತ್ತದೆ. ಸೆಪ್ಟೆಂಬರ್ ತ್ರೈಮಾಸಿಕದ ಕಾರ್ಯಾಚರಣೆಯ ಲಾಭವನ್ನು 649 ಕೋಟಿ ಎಂದು ತೋರಿಸಲಾಗಿತ್ತು. ನಿಜವಾದದ್ದು 61 ಕೋಟಿ. ಅಂಕಿಗಳ ವಿಷಯದಲ್ಲಿ ಪತ್ರ ಇಷ್ಟು ಖಚಿತವಾಗಿದ್ದರೂ ಕ್ರಿಯಾಪದಗಳ ವಿಷಯದಲ್ಲಿ ಖಚಿತವಾಗಿಲ್ಲ. ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ನಡುವೆ ಸಣ್ಣದಾಗಿ ಆರಂಭವಾದ ಅಂತರವೊಂದು ವರ್ಷಗಳುದ್ದಕ್ಕೂ ಬೆಳೆಯಿತು, ನಿಭಾಯಿಸಲಾಗದ ಪ್ರಮಾಣ ತಲುಪಿತು ಎಂಬುದು ಅದರ ನಿರೂಪಣೆಯ ಸಾರ. ಇಲ್ಲಿ ಕರ್ತೃಸ್ಥಾನದಲ್ಲಿರುವುದು ಮನುಷ್ಯನಲ್ಲ, ‘ಅಂತರ’.

ಈ ವಾಕ್ಯಗಳನ್ನು ಕನ್ನಡಕ್ಕೆ ತಂದರೆ ಮರೆಯಾದದ್ದು ಎದ್ದು ಕಾಣುತ್ತದೆ. ಕನ್ನಡದ ಕ್ರಿಯಾಪದ ಪುರುಷವಾಚಕ ಪ್ರತ್ಯಯವನ್ನು ಹೊತ್ತುಕೊಂಡೇ ಬರುತ್ತದೆ. ‘ಅಂತರ ಬೆಳೆಯಿತು’ ಎನ್ನುವುದಕ್ಕೂ ‘ಲಾಭವನ್ನು ಹೆಚ್ಚಿಸಿ ಬರೆದೆನು’ ಎನ್ನುವುದಕ್ಕೂ ಇರುವ ಭೇದ ನೈತಿಕವಾದುದು. ಪತ್ರದಲ್ಲಿ ‘ನಾನು’ ಇಲ್ಲವೆಂದಲ್ಲ. ಆತ್ಮಸಾಕ್ಷಿಯ ಭಾರವನ್ನು ಹೇಳುವಾಗ, ಕಂಪನಿಗೆ ಹಣ ಹೊಂದಿಸಿಕೊಟ್ಟದ್ದನ್ನು ಹೇಳುವಾಗ, ಕಾನೂನಿಗೆ ತಲೆಬಾಗುವಾಗ ಉತ್ತಮಪುರುಷ ಕಾಣಿಸಿಕೊಳ್ಳುತ್ತದೆ. ಅಂತರ ಹುಟ್ಟಿ ಬೆಳೆದ ಬಗೆಯನ್ನು ಹೇಳುವಾಗ ಮಾತ್ರ ಅದು ಹಿಂದೆ ಸರಿಯುತ್ತದೆ. ಪತ್ರದ ಪ್ರಸಿದ್ಧ ಹುಲಿಸವಾರಿಯ ಉಪಮೆಯೂ ಇದೇ ಕೆಲಸ ಮಾಡುತ್ತದೆ: ಇಳಿದರೆ ಹುಲಿ ತಿನ್ನುತ್ತದೆಂಬ ಭಯದಲ್ಲಿ, ಹತ್ತಿದವನು ಯಾರೆಂಬ ಪ್ರಶ್ನೆ ಮರೆಯಾಗುತ್ತದೆ. ಮಂಡಳಿಯ ಸದಸ್ಯರಾರಿಗೂ ಪರಿಸ್ಥಿತಿ ತಿಳಿದಿರಲಿಲ್ಲವೆಂದು ಪತ್ರ ಅವರನ್ನು ರಕ್ಷಿಸುತ್ತದೆ. ವಸ್ತುತಃ ಕಾರ್ಪೊರೇಟ್ ಆಡಳಿತದ ಮೇಲೆ ಇದಕ್ಕಿಂತ ದೊಡ್ಡ ಆರೋಪ ಮತ್ತೊಂದಿಲ್ಲ.

ವ್ಯಾಕರಣದಿಂದ ಅಪರಾಧವನ್ನು ಸಾಬೀತುಪಡಿಸಲಾಗದು ಎಂಬ ಆಕ್ಷೇಪ ಸರಿಯಾದುದೇ. ಕರ್ತರಿ ಪ್ರಯೋಗದಲ್ಲಿಯೂ ಸುಳ್ಳು ಹೇಳಬಹುದು. ಅಪರಾಧದ ನಿರ್ಣಯ ನ್ಯಾಯಾಲಯದ್ದು. 2015ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯ ರಾಜು ಅವರೂ ಸೇರಿದಂತೆ ಹತ್ತು ಜನರಿಗೆ ಏಳು ವರ್ಷಗಳ ಸೆರೆವಾಸ ವಿಧಿಸಿತು. ಮರುತಿಂಗಳು ಮೇಲ್ಮನವಿಯ ಹಂತದಲ್ಲಿ ಶಿಕ್ಷೆ ಅಮಾನತುಗೊಂಡಿತು. ಭಾಷಿಕ ವಿಶ್ಲೇಷಣೆ ಮಾಡಬಹುದಾದದ್ದು ಬೇರೆ ಕೆಲಸ: ಹೊಣೆ ಎಲ್ಲಿ ಕಾಣೆಯಾಗುತ್ತದೆಂಬುದನ್ನು ತೋರಿಸುವುದು. 2013ರ ಕಂಪನಿ ಕಾಯಿದೆ ಸ್ವತಂತ್ರ ನಿರ್ದೇಶಕರ ಪ್ರಮಾಣವನ್ನು ನಿಗದಿಪಡಿಸಿತು, ಲೆಕ್ಕಪರಿಶೋಧಕರ ಬದಲಾವಣೆಯನ್ನು ಕಡ್ಡಾಯಗೊಳಿಸಿತು, ವಂಚನೆಗೆ ಕಠಿಣ ಶಿಕ್ಷೆಯನ್ನು ಗೊತ್ತುಮಾಡಿತು. ಇವು ಅಗತ್ಯವಾದ ಕ್ರಮಗಳು. ಆದರೆ ಸ್ಥಾನಗಳನ್ನು ತುಂಬಿದ ಮಾತ್ರಕ್ಕೆ ಪ್ರಶ್ನೆಗಳು ಹುಟ್ಟುವುದಿಲ್ಲವೆಂಬುದು ಸತ್ಯಂ ಪ್ರಕರಣದ ಪಾಠ.

ಈ ಪಾಠ ಕಂಪನಿಗಳಿಗಷ್ಟೇ ಸೀಮಿತವಲ್ಲ. ಮೌಲ್ಯಮಾಪನ, ಗುಣಮಟ್ಟ, ಪಾರದರ್ಶಕತೆ ಎಂಬ ಉದ್ಯಮದ ನುಡಿಗಟ್ಟು ಇಂದು ವಿಶ್ವವಿದ್ಯಾಲಯಗಳ ವರದಿಗಳಲ್ಲಿಯೂ ನೆಲೆಸಿದೆ. ‘ಕ್ರಮ ಕೈಗೊಳ್ಳಲಾಗಿದೆ’ ಎಂಬುದು ನಮ್ಮ ಕಚೇರಿಗಳ ಕರ್ತೃವಿಲ್ಲದ ವಾಕ್ಯ. ಯಾರು ಕೈಗೊಂಡರು ಎಂದು ಕೇಳುವ ಅಭ್ಯಾಸವನ್ನು ವ್ಯಾಕರಣದ ತರಗತಿಯಿಂದಲೇ ಬೆಳೆಸಲು ಸಾಧ್ಯವಿದೆ. ಕನ್ನಡ ಅಧ್ಯಾಪಕರು ಈ ಸಾಧ್ಯತೆಯನ್ನು ಲಘುವಾಗಿ ಪರಿಗಣಿಸಬಾರದು.