ಮೇಲೆ ಸೆಕೆ, ಕೆಳಗೆ ಚಳಿ: ಏಸಿ ಗಾಳಿಯನ್ನು ಎಲ್ಲ ರೂಮಿಗೂ ಹಂಚುವ ಸೂತ್ರಗಳು

ಡಲ್ಲಾಸ್, ಹ್ಯೂಸ್ಟನ್ ಕಡೆ ಎರಡಂತಸ್ತಿನ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಜುಲೈ ಬಂತೆಂದರೆ ಇದೇ ಗೋಳು. ಊರಿಂದ ಬಂದ ಅಪ್ಪ, ಅಮ್ಮ ಕೆಳಗಿನ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ಕೂತಿರುತ್ತಾರೆ. ಮಹಡಿಯಲ್ಲಿ ಮಕ್ಕಳಿಗೆ ಸೆಕೆಗೆ ನಿದ್ದೆ ಹತ್ತುವುದಿಲ್ಲ. ಥರ್ಮೋಸ್ಟಾಟ್ ಇಳಿಸಿದರೆ ಮೇಲಿನವರಿಗೆ ತುಸು ಹಾಯೆನಿಸುತ್ತದೆ, ಕೆಳಗಿನವರು ಇನ್ನಷ್ಟು ನಡುಗುತ್ತಾರೆ, ಕರೆಂಟ್ ಬಿಲ್ ಏರುತ್ತದೆ. ಇಡೀ ಮನೆಗೆ ಒಂದೇ ಯಂತ್ರವಿದ್ದು, ಡಕ್ಟ್‌ಗಳು ಅಟ್ಟದಲ್ಲಿ ಹಾದುಹೋಗಿರುವ ಕಡೆ ಯಂತ್ರದ ಶಕ್ತಿಗಿಂತ ಗಾಳಿಯ ದಾರಿಯಲ್ಲೇ ತೊಂದರೆ ಹೆಚ್ಚು. ಆ ದಾರಿಯನ್ನು ಬಹುಮಟ್ಟಿಗೆ ನೀವೇ ಸರಿಪಡಿಸಬಹುದು.

1. ಮೊದಲು ಅಳೆಯಿರಿ, ಆಮೇಲೆ ಕೈ ಹಾಕಿ

ಒಂದು ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು. ಮಧ್ಯಾಹ್ನ ನಾಲ್ಕಕ್ಕೆ ಮತ್ತು ರಾತ್ರಿ ಮಲಗುವ ಮುಂಚೆ ಪ್ರತಿ ರೂಮಿನ ಉಷ್ಣಾಂಶ ಬರೆದಿಡಿ. ಏಸಿ ಹದಿನೈದು ನಿಮಿಷ ಓಡಿದ ಮೇಲೆ ವೆಂಟಿನಿಂದ ಬರುವ ಗಾಳಿಯನ್ನೂ, ಯಂತ್ರಕ್ಕೆ ಮರಳುವ ರಿಟರ್ನ್ ಜಾಲರಿಯ ಗಾಳಿಯನ್ನೂ ಅಳೆಯಿರಿ. ಸಾಮಾನ್ಯವಾಗಿ ಎರಡಕ್ಕೂ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ಅಂತರ ಇರಬೇಕು. ಮನೆಯ ಯಾವ ವೆಂಟಿನಲ್ಲೂ ಅಷ್ಟು ಅಂತರ ಸಿಗದಿದ್ದರೆ ಯಂತ್ರಕ್ಕೇ ರಿಪೇರಿ ಬೇಕಾಗಿರಬಹುದು. ಅದಾಗದೆ ಗಾಳಿ ಹಂಚಿ ಪ್ರಯೋಜನವಿಲ್ಲ.

ಇನ್ನು ಸೆಕೆಯ ರೂಮಿನ ವೆಂಟ್ ಗಮನಿಸಿ. ಗಾಳಿ ತಣ್ಣಗಿದ್ದರೂ ರಭಸವಿಲ್ಲದಿದ್ದರೆ ದಾರಿಯಲ್ಲಿ ತಡೆಯಿದೆ. ರಭಸವಿದ್ದೂ ಬೆಚ್ಚಗಿದ್ದರೆ ಡಕ್ಟ್ ಅಟ್ಟದ ಬಿಸಿ ಹೀರುತ್ತಿದೆ. ರಭಸವೂ ತಂಪೂ ಎರಡೂ ಇದ್ದು ರೂಮು ಮಾತ್ರ ಕಾದಿದ್ದರೆ ಕಾರಣ ಕಿಟಕಿಯಲ್ಲೋ ಸೂರಿನಲ್ಲೋ ಇದೆ. ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

2. ಫಿಲ್ಟರ್ ನೋಡಿ

ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಿ, ಬೇಸಿಗೆಯಲ್ಲಿ ಪ್ರತಿ ತಿಂಗಳೂ ತೆಗೆದು ನೋಡಿ. ಧೂಳು ಚೆನ್ನಾಗಿ ಹಿಡಿಯಲಿ ಎಂದು ಒಂದು ಇಂಚಿನ ಚೌಕಟ್ಟಿಗೆ ಮರ್ವ್ 13ರ ದಟ್ಟ ಫಿಲ್ಟರ್ ಹಾಕಿದರೆ ಹಲವು ಹಳೆಯ ಯಂತ್ರಗಳಿಗೆ ಉಸಿರು ಕಟ್ಟುತ್ತದೆ. ಮೊದಲು ಬಡವಾಗುವುದು ಗಾಳಿ ತಳ್ಳುವ ಬ್ಲೋವರ್‌ನಿಂದ ದೂರದ ರೂಮು.

3. ಗಾಳಿ ಒಳಗೆ ಬರಬೇಕಾದರೆ ಹೊರಗೆ ಹೋಗಲು ದಾರಿ ಬೇಕು

ನಾನು ಎಲ್ಲಕ್ಕಿಂತ ಮೇಲಿಡುವ ಸೂತ್ರ ಇದು. ಒಂದು ಟನ್ ಏಸಿ ಎಂದರೆ ಗಂಟೆಗೆ 12,000 ಬಿಟಿಯು ಶಾಖ ಎಳೆಯುವ ಯಂತ್ರ. ಅದಕ್ಕೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಬೇಕು. ನಾಲ್ಕು ಟನ್ನಿನ ಯಂತ್ರ 1,600 ಘನ ಅಡಿ ತಳ್ಳಬೇಕಾದರೆ ಅಷ್ಟೇ ಗಾಳಿ ಅದಕ್ಕೆ ಮರಳಿ ಬರಬೇಕು. ಹಲವು ಮನೆಗಳಲ್ಲಿ ರಿಟರ್ನ್ ಜಾಲರಿ ಹಜಾರದಲ್ಲೋ ಮೆಟ್ಟಿಲ ಬಳಿಯೋ ಒಂದೆರಡು ಇರುತ್ತವೆ, ಮಲಗುವ ರೂಮುಗಳಲ್ಲಿ ಇರುವುದೇ ಇಲ್ಲ. ರಾತ್ರಿ ಬಾಗಿಲು ಹಾಕಿಕೊಂಡರೆ ಬಂದ ಗಾಳಿ ಬಾಗಿಲ ಕೆಳಗಿನ ಸಂದಿನಲ್ಲೇ ನುಸುಳಿ ಹೋಗಬೇಕು. ದಪ್ಪ ಕಾರ್ಪೆಟ್ ಹಾಸಿದ್ದರೆ ಆ ಸಂದೂ ಇಲ್ಲ. ಬಾಟಲಿಯ ಬಾಯಿಗೆ ತುಟಿಯಿಟ್ಟು ಊದಿದ ಹಾಗೆ, ಒಳಗೆ ಒತ್ತಡ ಏರುತ್ತದೆ, ಹೊಸ ಗಾಳಿ ಹಿಂಜರಿಯುತ್ತದೆ.

ಪರೀಕ್ಷೆ ಸುಲಭ. ಏಸಿ ಓಡುತ್ತಿರುವಾಗ ಬಾಗಿಲನ್ನು ಒಂದು ಇಂಚು ಬಿಟ್ಟು ಮುಚ್ಚಿ, ಆ ಸಂದಿಗೆ ಟಿಶ್ಯೂ ಪೇಪರ್ ಹಿಡಿಯಿರಿ. ಅದು ಹೊರಗಡೆಗೆ ಪಟಪಟನೆ ಹಾರಿದರೆ ರೂಮಿಗೆ ಹೊರದಾರಿ ಸಾಲದು. ಬಾಗಿಲು ತೆರೆದಿಟ್ಟ ರಾತ್ರಿಗೂ ಮುಚ್ಚಿದ ರಾತ್ರಿಗೂ ಉಷ್ಣಾಂಶ ಹೋಲಿಸಿದರೆ ಸಂಶಯ ಉಳಿಯುವುದಿಲ್ಲ. ಬಾಗಿಲನ್ನು ಕೆಳಗೆ ತುಸು ಕತ್ತರಿಸಬಹುದು. ಗೋಡೆಯ ಮೇಲ್ಭಾಗದಲ್ಲಿ ಎರಡೂ ಬದಿ ಜಾಲರಿ ಕೂರಿಸಬಹುದು. ರೂಮಿನ ಚಾವಣಿಯಿಂದ ಹಜಾರದ ಚಾವಣಿಗೆ ಅಟ್ಟದಲ್ಲಿ ಒಂದು ಗಿಡ್ಡ ಡಕ್ಟ್ ಎಳೆಸಬಹುದು. ಮಾತು ಆಚೆ ಕೇಳಬಾರದು ಎನ್ನುವವರಿಗೆ ಕೊನೆಯದೇ ಒಳ್ಳೆಯದು. ಹಾಗೆಯೇ ರಿಟರ್ನ್ ಜಾಲರಿಗೆ ಸೋಫಾ, ಕಪಾಟು ಒತ್ತಿ ನಿಂತಿದ್ದರೆ ಇವತ್ತೇ ಸರಿಸಿ.

4. ಚಳಿಯ ರೂಮಿನ ವೆಂಟನ್ನು ಪೂರ್ತಿ ಮುಚ್ಚಬೇಡಿ

ಅಮ್ಮನಿಗೆ ಚಳಿಯೆಂದು ವೆಂಟಿಗೆ ರಟ್ಟು ಅಂಟಿಸುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಉಳಿದ ಗಾಳಿಯೆಲ್ಲ ಮಹಡಿಗೆ ಏರುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿದೆ. ಒಂದಿಷ್ಟು ಏರುತ್ತದೆ, ನಿಜ. ಆದರೆ ಡಕ್ಟಿನೊಳಗೆ ಒತ್ತಡ ಹೆಚ್ಚಿ, ಇರುವ ಸೋರಿಕೆಗಳಲ್ಲಿ ತಂಪು ಗಾಳಿ ಅಟ್ಟಕ್ಕೆ ನುಗ್ಗುತ್ತದೆ. ಮೂರು ನಾಲ್ಕು ವೆಂಟ್ ಹೀಗೆ ಮುಚ್ಚಿದರೆ ಗಾಳಿಯನ್ನು ತಂಪು ಮಾಡುವ ಕಾಯಿಲ್ ಮೇಲೆ ಹರಿಯುವ ಗಾಳಿ ತಗ್ಗಿ, ಅದರ ಮೇಲೆ ಮಂಜು ಕಟ್ಟಬಹುದು. ಆಗ ಯಾವ ರೂಮೂ ತಂಪಾಗುವುದಿಲ್ಲ. ಕೆಳಗಿನ ವೆಂಟನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚದಿರಿ. ಗಾಳಿ ನೇರ ಹಾಸಿಗೆಗೆ ಹೊಡೆಯುವುದೇ ಕಷ್ಟವಾಗಿದ್ದರೆ, ಆಯಸ್ಕಾಂತದಿಂದ ಅಂಟಿಕೊಳ್ಳುವ ಪ್ಲಾಸ್ಟಿಕ್ ತಿರುವು ಹಾಕಿ ಗಾಳಿಯನ್ನು ಗೋಡೆಯ ಕಡೆ ಹೊರಳಿಸಿ. ಹಾಸಿಗೆಯ ಜಾಗ ಬದಲಿಸಿದರೂ ಆದೀತು. ವಯಸ್ಸಾದವರ ಸುಖ ಮುಖ್ಯ, ಅದಕ್ಕೆ ಯಂತ್ರವನ್ನು ಬಲಿ ಕೊಡಬೇಕಿಲ್ಲ.

5. ಡ್ಯಾಂಪರ್ ಇದ್ದರೆ ಅದನ್ನೇ ಬಳಸಿ

ಕವಲೊಡೆಯುವ ಡಕ್ಟ್‌ಗಳ ಬುಡದಲ್ಲಿ ಗಾಳಿಯನ್ನು ತಡೆಯುವ ಡ್ಯಾಂಪರಿನ ಚಿಕ್ಕ ಲೋಹದ ಹಿಡಿ ಇದೆಯೇ ಹುಡುಕಿ. ಹಿಡಿ ಡಕ್ಟಿನ ಉದ್ದಕ್ಕಿದ್ದರೆ ದಾರಿ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಮುಟ್ಟುವ ಮುಂಚೆ ಈಗಿನ ಸ್ಥಾನಕ್ಕೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಕೆಳಗಿನ ರೂಮುಗಳ ಡ್ಯಾಂಪರನ್ನು ಸ್ವಲ್ಪವೇ ತಿರುಗಿಸಿ, ಒಂದು ಇಡೀ ದಿನ ಬಿಟ್ಟು ಮತ್ತೆ ಅಳೆಯಿರಿ. ಒಂದೇ ಸಲಕ್ಕೆ ನಾಲ್ಕು ಹಿಡಿ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಬಿಸಿ ಗಾಳಿ ಮೇಲೇರುವುದರಿಂದ ಚಳಿಗಾಲದಲ್ಲಿ ಲೆಕ್ಕ ತಿರುಗುಮುರುಗು. ಎರಡು ಕಾಲಕ್ಕೂ ಎರಡು ಗುರುತು ಹಾಕಿಡಿ.

6. ಬೆಳಗಿನ ತಂಪಿನಲ್ಲಿ ಅಟ್ಟ ಹತ್ತಿ

ಟೆಕ್ಸಸ್ ಬೇಸಿಗೆಯ ಮಧ್ಯಾಹ್ನ ಅಟ್ಟ 130 ಡಿಗ್ರಿ ಫ್ಯಾರನ್‌ಹೀಟ್ ದಾಟುವುದುಂಟು. ಆ ಹೊತ್ತಿನಲ್ಲಿ ಹತ್ತುವುದು ಅಪಾಯ. ಬೆಳಗ್ಗೆ ಟಾರ್ಚ್ ಹಿಡಿದು, ಮರದ ತೊಲೆಗಳ ಮೇಲೆ ಮಾತ್ರ ಕಾಲಿಟ್ಟು ನೋಡಿ. ಮೆತ್ತನೆಯ ಫ್ಲೆಕ್ಸ್ ಡಕ್ಟ್ ಜೋತುಬಿದ್ದಿದೆಯೇ? ಮೂಲೆಯಲ್ಲಿ ಮಡಿಚಿಕೊಂಡಿದೆಯೇ? ಅದರ ಮೇಲೆ ಹಳೆಯ ಪೆಟ್ಟಿಗೆಗಳ ಭಾರ ಬಿದ್ದಿದೆಯೇ? ಬಿಗಿಯಾಗಿ ಎಳೆದು, ನಾಲ್ಕೈದು ಅಡಿಗೊಂದು ಅಗಲ ಪಟ್ಟಿ ಕಟ್ಟಿದರೆ ಆ ರೂಮಿನ ಗಾಳಿ ಕೂಡಲೇ ಚೇತರಿಸಿಕೊಳ್ಳುತ್ತದೆ.

ಸೋರಿಕೆ ಇನ್ನೊಂದು ಶತ್ರು. ಸಾಧಾರಣ ಮನೆಯ ಡಕ್ಟ್‌ಗಳಲ್ಲಿ ಹರಿಯುವ ಗಾಳಿಯಲ್ಲಿ ಶೇಕಡಾ 20ರಿಂದ 30ರಷ್ಟು ಸೋರಿಹೋಗುತ್ತದೆ ಎಂದು ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮ ಹೇಳುತ್ತದೆ. ಇದಕ್ಕೆ ಅಂಗಡಿಯ ಬಟ್ಟೆಯ ಡಕ್ಟ್ ಟೇಪ್ ಸುತ್ತಬೇಡಿ. 1998ರಲ್ಲಿ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್, ಇಯಾನ್ ವಾಕರ್ ಪರೀಕ್ಷಿಸಿದಾಗ ಡಕ್ಟಿನ ಬಿಸಿಗೆ ಮೊದಲು ಕೈಕೊಟ್ಟದ್ದು ಅದೇ. ಕೀಲುಗಳಿಗೆ ಮಾಸ್ಟಿಕ್ ಎಂಬ ಗಟ್ಟಿ ಲೇಪ ಬಳಿಯಿರಿ.

7. ಅಡುಗೆಮನೆಯ ಎಕ್ಸಾಸ್ಟ್ ಲೆಕ್ಕಕ್ಕಿರಲಿ

ಒಗ್ಗರಣೆ ಘಾಟಿಗೆಂದು ನಮ್ಮವರು ಜೋರಾದ ಎಕ್ಸಾಸ್ಟ್ ಹಾಕಿಸುತ್ತಾರೆ, ಹಾಕಿಸಲೇಬೇಕು. ಆದರೆ ಅದು ಹೊರದೂಡಿದಷ್ಟೇ ಬಿಸಿ ಗಾಳಿ ಸಂದುಗೊಂದುಗಳಿಂದ ಒಳಗೆ ಬರುತ್ತದೆ. ಹೊಗೆ ಹೋದ ಮೇಲೆ ಆರಿಸಿ. ನಿಮಿಷಕ್ಕೆ 400 ಘನ ಅಡಿಗಿಂತ ದೊಡ್ಡದು ಹಾಕಿಸುವಾಗ ಬದಲಿ ಗಾಳಿಗೆ ಪ್ರತ್ಯೇಕ ದಾರಿ ಕೇಳಿ. ಹಲವು ಊರುಗಳ ಕಟ್ಟಡ ನಿಯಮವೂ ಅದನ್ನೇ ಹೇಳುತ್ತದೆ.

8. ಪಶ್ಚಿಮದ ಬಿಸಿಲನ್ನು ಗಾಜಿನ ಹೊರಗೇ ತಡೆಯಿರಿ

ಒಳಗಿನ ಪರದೆಗಿಂತ ಹೊರಗಿನ ಸೋಲಾರ್ ಸ್ಕ್ರೀನ್ ಮೇಲು. ಗಾಜು ದಾಟಿದ ಶಾಖದ ಬಹುಪಾಲು ರೂಮಿನಲ್ಲೇ ಉಳಿಯುತ್ತದೆ.

9. ಫ್ಯಾನ್ ಗುಂಡಿ: ಆಟೊ ಇರಲಿ

ಬ್ಲೋವರ್ ಸದಾ ತಿರುಗಿದರೆ ಗಾಳಿ ಬೆರೆಯುತ್ತದೆ ಎಂಬುದು ಸರಿ. ಹ್ಯೂಸ್ಟನ್‌ನಂಥ ತೇವದ ಊರಿನಲ್ಲಿ ಮಾತ್ರ, ಕಾಯಿಲ್ ಮೇಲಿನ ನೀರು ಆವಿಯಾಗಿ ಮತ್ತೆ ಮನೆಯೊಳಗೆ ಬಂದು ಮೈ ಅಂಟಂಟಾಗುತ್ತದೆ. ಮಹಡಿಯಲ್ಲಿ ಸೀಲಿಂಗ್ ಫ್ಯಾನ್ ಹಚ್ಚಿ. ಅದು ತಂಪು ಮಾಡುವುದು ಮೈಯನ್ನು, ರೂಮನ್ನಲ್ಲ. ರೂಮು ಬಿಡುವಾಗ ಆರಿಸಿ.

10. ದೊಡ್ಡ ಯಂತ್ರಕ್ಕೆ ಒಪ್ಪುವ ಮುಂಚೆ ಲೆಕ್ಕ ಕೇಳಿ

ಅಗತ್ಯಕ್ಕಿಂತ ದೊಡ್ಡ ಏಸಿ ಕೆಳಗಿನ ಥರ್ಮೋಸ್ಟಾಟನ್ನು ಬೇಗ ತಣಿಸಿ ನಿಂತುಬಿಡುತ್ತದೆ. ಮಹಡಿ ತಂಪಾಗಲು ಸಮಯವಿರುವುದಿಲ್ಲ, ತೇವವೂ ಇಳಿಯುವುದಿಲ್ಲ. ಮೆಕ್ಯಾನಿಕ್ ಬಂದಾಗ ಮೂರು ಕೇಳಿ: ರೂಮುವಾರು ಶಾಖದ ಲೆಕ್ಕ, ಅಂದರೆ ಮ್ಯಾನ್ಯುಯಲ್ ಜೆ ಮಾಡಿದ್ದೀರಾ? ಡಕ್ಟಿನ ಅಳತೆಗೆ ಮ್ಯಾನ್ಯುಯಲ್ ಡಿ ನೋಡಿದ್ದೀರಾ? ಡಕ್ಟಿನ ಒತ್ತಡ ಎಷ್ಟಿದೆ? ಹಲವು ಯಂತ್ರಗಳಿಗೆ ಅದು ನೀರಿನ ಕಂಬದ ಅಳತೆಯಲ್ಲಿ ಅರ್ಧ ಇಂಚು ಮೀರಬಾರದು. ಉತ್ತರ ಕೊಡದೆ ಟನ್ ಹೆಚ್ಚಿಸುವ ಮಾತಾಡುವವರನ್ನು ಬಿಟ್ಟು ಇನ್ನೊಬ್ಬರನ್ನು ಕರೆಸಿ.

ಇಷ್ಟಾದ ಮೇಲೂ ಗ್ಯಾರೇಜಿನ ಮೇಲಿನ ರೂಮು ಹಟ ಹಿಡಿಯಬಹುದು. ಕೆಳಗೂ ಬಿಸಿ, ಮೇಲೂ ಬಿಸಿ, ಡಕ್ಟಿನ ತುದಿಯೂ ಅದೇ. ಅದಕ್ಕೆ ಪ್ರತ್ಯೇಕ ಮಿನಿ ಸ್ಪ್ಲಿಟ್ ಹಾಕಿಸಿ, ಊರಿನ ಮನೆಗಳಲ್ಲಿ ಗೋಡೆಗೆ ಕೂರಿಸುವಂಥದ್ದೇ. ಆಮೇಲೆ ಆ ರೂಮಿನ ಹಳೆಯ ಡಕ್ಟನ್ನು ಬುಡದಲ್ಲೇ ಬಂದ್ ಮಾಡಿಸುವುದಿದ್ದರೆ, ಒತ್ತಡವನ್ನು ಇನ್ನೊಮ್ಮೆ ಅಳೆಯಲು ಹೇಳಿ.