ಮಗುವಿನ ಮೆದುಳಿನ ರಕ್ತಸಂಚಾರದ ಪರೀಕ್ಷೆ



ಕೆಲವು ಮಕ್ಕಳ ಮೆದುಳು ಗರ್ಭದಲ್ಲಿಯೇ ಸರಿಯಾಗಿ ರೂಪುಗೊಳ್ಳದೆ ಹೋಗುವುದುಂಟು. ಅಂತಹ ಮಗುವಿಗೆ ಮೂರ್ಛೆ ಬರತೊಡಗಿದರೆ ಮನೆಯವರು ಮೊದಲು ದೂರುವುದು ತಾಯಿಯನ್ನು. ಗ್ರಹಣದ ಹೊತ್ತಿನಲ್ಲಿ ಕಾಯಿಪಲ್ಲೆ ಹೆಚ್ಚಿದಳೆಂದು. ಈ ಮಾತಿಗೆ ಯಾವ ಆಧಾರವೂ ಇಲ್ಲ. ಗಂಡನಾದವನು ಇದನ್ನು ಹಿರಿಯರಿಗೆ ತಾನೇ ತಿಳಿಸಿ ಹೇಳಬೇಕು.

ಎಳೆಗೂಸಿನ ನೆತ್ತಿ ಮೆತ್ತಗಿರುತ್ತದೆ. ಆ ಜಾಗದ ಮೂಲಕ ಧ್ವನಿತರಂಗಗಳನ್ನು ಹಾಯಿಸಿ ಮೆದುಳಿನ ರಚನೆಯನ್ನೂ ರಕ್ತದ ಹರಿವನ್ನೂ ನೋಡಬಹುದು. ಇದರಲ್ಲಿ ನೋವಿಲ್ಲ, ವಿಕಿರಣವಿಲ್ಲ. ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ನೆತ್ತಿ ಕೂಡಿಕೊಳ್ಳುವುದರಿಂದ ತಡಮಾಡಬಾರದು. ದೊಡ್ಡ ಮಕ್ಕಳಿಗೆ ಎಂ.ಆರ್.ಐ. ಪರೀಕ್ಷೆ ಬೇಕಾಗುತ್ತದೆ.

ಎರಡು ತಕ್ಕ ಔಷಧಿಗಳನ್ನು ಕ್ರಮವಾಗಿ ಕೊಟ್ಟರೂ ಮೂರ್ಛೆ ನಿಲ್ಲದಿದ್ದರೆ ವೈದ್ಯರು ಶಸ್ತ್ರಚಿಕಿತ್ಸೆಯ ವಿಚಾರ ಮಾಡುತ್ತಾರೆ. ಆಗ ಮೂರ್ಛೆ ಮೆದುಳಿನ ಯಾವ ಜಾಗದಲ್ಲಿ ಹುಟ್ಟುತ್ತದೆಂಬುದು ಖಚಿತವಾಗಬೇಕು. ಮೂರ್ಛೆಯ ಸಮಯದಲ್ಲಿ ಆ ಜಾಗಕ್ಕೆ ರಕ್ತ ಹೆಚ್ಚಾಗಿ ನುಗ್ಗುತ್ತದೆ. ಉಳಿದ ಸಮಯದಲ್ಲಿ ಅಲ್ಲಿಯೇ ಹರಿವು ಹಲವು ವೇಳೆ ಕಡಿಮೆಯಿರುತ್ತದೆ. ಈ ವ್ಯತ್ಯಾಸವನ್ನು ಕಾಣುವ ಪರೀಕ್ಷೆಗೆ ಸ್ಪೆಕ್ಟ್ ಎಂದು ಹೆಸರು. ಮಗುವನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು, ಮೂರ್ಛೆ ಆರಂಭವಾದ ಕೂಡಲೇ ಅಲ್ಪ ವಿಕಿರಣವುಳ್ಳ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ರಕ್ತ ಹೆಚ್ಚು ಹರಿದಲ್ಲಿ ಔಷಧವೂ ಹೆಚ್ಚು ನಿಲ್ಲುತ್ತದೆ. ಚಿತ್ರವನ್ನು ಅನಂತರ, ಮಗು ಶಾಂತವಾದ ಮೇಲೆ ತೆಗೆದರೂ ಚುಚ್ಚಿದ ಕ್ಷಣದ ಸ್ಥಿತಿಯೇ ಅದರಲ್ಲಿ ಕಾಣುತ್ತದೆ. ಇದಕ್ಕೆ ಬಳಸುವ ಟೆಕ್ನೀಷಿಯಂ ಎಂಬ ಧಾತುವಿನ ವಿಕಿರಣ 6 ಗಂಟೆಗೊಮ್ಮೆ ಅರ್ಧಕ್ಕಿಳಿಯುವುದರಿಂದ ಅಂಜಬೇಕಾಗಿಲ್ಲ. ಆದರೆ ಮೂರ್ಛೆಗಾಗಿ ಕೆಲವು ದಿನ ಕಾಯಬೇಕಾದೀತು. ಕೂಲಿ ಬಿಟ್ಟು ಬಂದವರಿಗೆ ಇದೇ ಕಷ್ಟದ ಸಂಗತಿ.

ಈ ಪರೀಕ್ಷೆ ತಾನೇ ರೋಗವನ್ನು ಗುಣಪಡಿಸುವುದಿಲ್ಲ. ಎಲ್ಲ ಮಕ್ಕಳಿಗೂ ಶಸ್ತ್ರಚಿಕಿತ್ಸೆ ಒದಗುವುದೂ ಇಲ್ಲ.

ಕುಡಚಿಯ ಸುತ್ತಲಿನವರು ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಗೆ ಬರತಕ್ಕದ್ದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಅಲ್ಲಿಂದ ಬೆಳಗಾವಿಗೂ, ಅಗತ್ಯಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಕಳುಹಿಸಿಕೊಡುತ್ತಾರೆ.

ಬರುವಾಗ ನೀವು ಕಂಡದ್ದನ್ನು ಬರೆದು ತನ್ನಿರಿ: ಮೊದಲು ಯಾವ ಕೈ ಅದುರಿತು, ಕಣ್ಣು ಯಾವ ಕಡೆ ಹೊರಳಿತು, ಎಷ್ಟು ನಿಮಿಷ ನಡೆಯಿತು. ಮೊಬೈಲಿನಲ್ಲಿ ಚಿತ್ರಿಸಿಕೊಂಡರೆ ಇನ್ನೂ ಒಳಿತು. ಮೂರ್ಛೆ ಬಂದಾಗ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಕೈಗೆ ಕಬ್ಬಿಣ ಹಿಡಿಸಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. 5 ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ಮಾತ್ರೆಗಳನ್ನು ವೈದ್ಯರು ಹೇಳದೆ ನಿಲ್ಲಿಸಕೂಡದು. ಮಳೆಗಾಲದಲ್ಲಿ ಕೃಷ್ಣೆ ಉಕ್ಕಿ ಸೇತುವೆ ಮುಳುಗುವುದು ನಿಮಗೆ ತಿಳಿದದ್ದೇ. ಮೃಗಶಿರ ಮಳೆ ಹಿಡಿಯುವ ಮುನ್ನವೇ ಒಂದು ತಿಂಗಳ ಮಾತ್ರೆ ತಂದಿರಿಸಿಕೊಳ್ಳಿರಿ.